ಕಾಶಿಯ ಚಳಿಗೆ ಹುದುಗದ ಹಿಟ್ಟು

ಅಪ್ಪ ನನ್ನ ತಂಗಿಯನ್ನು ಅಡುಗೆಮನೆಯಿಂದ ಹೊರಗೆ ಕಳಿಸಿದಾಗ ನಾನು ಅಲ್ಲೇ ಇದ್ದೆ. ಇಡ್ಲಿ ಹಿಟ್ಟಿಗೆ ಯೀಸ್ಟ್ ಹಾಕಿದವಳು ನಾನು. ಅದನ್ನು ನಾನು ಹೇಳಲಿಲ್ಲ. ಹೇಳುವುದಕ್ಕೆ ಬೇಕಾದಷ್ಟು ಹೊತ್ತಿತ್ತು. ಅಪ್ಪ ಬೈದು ಮುಗಿಸಿ, ಕೈಕಾಲು ತೊಳೆದು, ಯಾತ್ರಿಕರನ್ನು ಕರೆದುಕೊಂಡು ಕೇದಾರ ಘಾಟಿನ ಮೆಟ್ಟಿಲಿಳಿಯುವವರೆಗೂ ಹೊತ್ತಿತ್ತು. ನಾನು ಇಡ್ಲಿ ತಟ್ಟೆ ತಿಕ್ಕುತ್ತ ಕೂತೆ.

ನಾನು ಓದಿದ್ದು ಏಳನೆಯ ತರಗತಿಯವರೆಗೆ. ಅದೂ ಹಿಂದಿ ಶಾಲೆಯಲ್ಲಿ. ಕನ್ನಡ ಬರೆಯಲು ಕಲಿಸಿದವಳು ಅಮ್ಮ, ಪಂಚಾಂಗದ ಹಿಂಬದಿಯ ಖಾಲಿ ಹಾಳೆಗಳ ಮೇಲೆ. ಅಮ್ಮ ತೀರಿಕೊಂಡ ವರ್ಷ ನಾನು ಶಾಲೆ ಬಿಟ್ಟು ಒಲೆಯ ಮುಂದೆ ಬಂದೆ. ಯಾರೂ ಬಲವಂತ ಮಾಡಲಿಲ್ಲ. ಅಪ್ಪ ಪುರೋಹಿತರು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ತರ್ಪಣ, ಗಂಗಾಪೂಜೆ ಮಾಡಿಸುತ್ತಾರೆ. ಬಂದವರು ಶಿವಾಲ ಮೊಹಲ್ಲಾದ ನಮ್ಮ ಮನೆಯ ಕೆಳಗಿನ ಕೋಣೆಗಳಲ್ಲಿ ಇಳಿದುಕೊಳ್ಳುತ್ತಾರೆ, ನಮ್ಮಲ್ಲೇ ಉಣ್ಣುತ್ತಾರೆ. ಯಾರಾದರೂ ಅಡುಗೆ ಮಾಡಲೇಬೇಕಿತ್ತು. ತಂಗಿ ಆಗ ಇನ್ನೂ ಜಡೆ ಹೆಣೆಸಿಕೊಳ್ಳಲು ನನ್ನ ಮುಂದೆ ಬೆನ್ನು ತಿರುಗಿಸಿ ಕೂರುತ್ತಿದ್ದ ಮಗು.

ಮುಂದಿನ ಕೋಣೆಯಲ್ಲಿ ಒಬ್ಬರು ಅಜ್ಜಿ ಇದ್ದರು, ಈಗಲೂ ಇದ್ದಾರೆ. ಧಾರವಾಡದ ಕಡೆಯ ಹಳ್ಳಿಯವರು. ಗಂಡ ಹೋದ ಮೇಲೆ ಕಾಶಿಯಲ್ಲಿ ಕಣ್ಣು ಮುಚ್ಚಬೇಕೆಂದು ಬಂದು ನಮ್ಮ ಮನೆ ಸೇರಿದವರು. “ಸಾಯ್ಲಿಕ್ಕಂತ ಬಂದಾಕಿ ನಾ. ಈ ಹುಡುಗಿ ಇಡ್ಲಿ ತಿನಿಸಿ ತಿನಿಸಿ ಬದುಕಿಸಿ ಇಟ್ಟಾಳ” ಎಂದು ಯಾತ್ರಿಕರ ಮುಂದೆಲ್ಲ ಹೇಳುತ್ತಿದ್ದರು. ನನಗೆ ಆ ಮಾತಿನ ರುಚಿ ಹತ್ತಿತ್ತು. ಊರು ಬಿಟ್ಟು ಎರಡು ದಿನ ರೈಲಿನಲ್ಲಿ ಪೂರಿ, ಆಲೂ ತಿಂದು ಬಂದವರು ನಮ್ಮ ಜಗುಲಿಯಲ್ಲಿ ಇಡ್ಲಿ ಮುರಿದು ಬಾಯಿಗಿಟ್ಟು, “ಅಮ್ಮಾ, ಮನೆಗೆ ಬಂದಂಗಾಯ್ತು” ಎನ್ನುವಾಗ ನಾನು ಕದದ ಹಿಂದೆ ನಿಂತು ಕೇಳುತ್ತಿದ್ದೆ. ನನ್ನ ಹತ್ತಿರ ಇದ್ದದ್ದು ಅದೊಂದೇ ಹೆಸರು.

ಆದರೆ ಕಾಶಿಯ ಚಳಿಗೆ ಇಡ್ಲಿ ಹಿಟ್ಟು ಹುದುಗುವುದಿಲ್ಲ. ಪೂಸ್ ತಿಂಗಳಲ್ಲಿ, ಅಂದರೆ ನಮ್ಮ ಪುಷ್ಯದಲ್ಲಿ, ಮಂಜು ಗಲ್ಲಿಯೊಳಗೆ ಬಂದು ಕೂರುತ್ತದೆ. ರುಬ್ಬಿಟ್ಟ ಹಿಟ್ಟು ಮರುದಿನ ಬೆಳಿಗ್ಗೆ ಇಟ್ಟ ಹಾಗೆಯೇ ತಣ್ಣಗೆ ಮಲಗಿರುತ್ತದೆ. ಮೊಸರು ಸುರಿದೆ, ಸೋಡಾ ಹಾಕಿದೆ, ಪಾತ್ರೆಗೆ ರಜಾಯಿ ಹೊದೆಸಿದೆ. ಇಡ್ಲಿ ಕಲ್ಲಾಯಿತು. ಅಜ್ಜಿ ಒಂದು ಬೆಳಿಗ್ಗೆ ತಟ್ಟೆಯ ಮೇಲೆ ಇಡ್ಲಿಯನ್ನು ಟಕ್ ಎಂದು ಕುಟ್ಟಿ, “ಇದನ್ನ ಇಲ್ಲೇ ಪ್ರತಿಷ್ಠಾಪನಾ ಮಾಡ್ಸಿಬಿಡ್ರಿ ಆಚಾರ್ರ, ಕಾಶಿಯೊಳಗ ಒಂದು ಲಿಂಗ ಹೆಚ್ಚಾಗ್ತದ” ಅಂದರು. ಯಾತ್ರಿಕರೆಲ್ಲ ನಕ್ಕರು. ನಾನೂ ನಕ್ಕೆ. ಒಳಗೆ ಬಂದು ಅತ್ತೆ.

ಅದೇ ಚಳಿಗಾಲದಲ್ಲಿ ತಂಗಿ ಹನ್ನೆರಡನೆಯ ತರಗತಿಯಲ್ಲಿದ್ದಳು. ಶಾಲೆಗೆ ಒಂದು ಪ್ರಯೋಗ ಮಾಡಿ ತೋರಿಸಬೇಕಿತ್ತು. ಅವಳು ಆರಿಸಿಕೊಂಡದ್ದು ಯೀಸ್ಟನ್ನು. ಬೇಕರಿಯವರು ಬ್ರೆಡ್ಡಿಗೆ ಹಾಕುವ ಸಾಸಿವೆಗಿಂತ ಸಣ್ಣ ಕಂದು ಕಾಳುಗಳು. ಗೋದೌಲಿಯಾ ಪೇಟೆಯಿಂದ ಪೊಟ್ಟಣ ತಂದು ನನ್ನ ಅಂಗೈ ಮೇಲೆ ಸುರಿದು, “ಅಕ್ಕಾ, ಇವು ಜೀವಂತ ಇವೆ. ಸೋ ರಹೇ ಹೈಂ. ಎಬ್ಬಿಸಬೇಕು ಅಷ್ಟೆ” ಅಂದಳು.

ಎಬ್ಬಿಸುವ ಬಗೆಯನ್ನು ನೋಡಲು ನನಗೆ ಬಲು ಇಷ್ಟವಾಗುತ್ತಿತ್ತು. ಯಾತ್ರಿಕರು ಬಿಟ್ಟುಹೋದ ನೀರಿನ ಬಾಟಲಿಗಳನ್ನು ತೊಳೆದು ಜೋಡಿಸಿದಳು. ಪ್ರತಿಯೊಂದಕ್ಕೂ ಅಷ್ಟೇ ನೀರು, ಅಷ್ಟೇ ಸಕ್ಕರೆ, ಅಷ್ಟೇ ಯೀಸ್ಟ್. ಬಾಯಿಗೆ ಒಂದೊಂದು ಬಲೂನು ಸಿಕ್ಕಿಸಿದಳು. ಯೀಸ್ಟ್ ಸಕ್ಕರೆ ತಿಂದು ಗಾಳಿ ಬಿಡುತ್ತದಂತೆ, ಬಲೂನು ಎಷ್ಟು ಉಬ್ಬಿತು ಎಂಬುದರಿಂದ ಎಷ್ಟು ತಿಂದಿತು ಎಂದು ತಿಳಿಯುತ್ತದಂತೆ. ಒಂದು ಬಾಟಲಿ ಮಾಳಿಗೆಯ ಚಳಿಯಲ್ಲಿ, ಒಂದು ಕೋಣೆಯೊಳಗೆ, ಒಂದು ಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ. ಒಂದಕ್ಕೆ ಕುದಿಯುವ ನೀರನ್ನೇ ಹೊಯ್ದಳು.

ಬೆಚ್ಚಗಿದ್ದ ಬಾಟಲಿಯ ಬಲೂನು ಮೊದಲು ಕತ್ತೆತ್ತಿತು. ಆಮೇಲೆ ನೆಟ್ಟಗೆ ನಿಂತಿತು. ಮಾಳಿಗೆಯದು ಒದ್ದೆ ಕಾಲುಚೀಲದ ಹಾಗೆ ಜೋತುಬಿದ್ದಿತ್ತು. ಕುದಿನೀರಿನದೂ ಹಾಗೆಯೇ.

“ಚಳಿಯದೂ ಏಳಲಿಲ್ಲ, ಸುಡುನೀರಿನದೂ ಏಳಲಿಲ್ಲ. ಎರಡೂ ಒಂದೇ ಆಯ್ತಲ್ಲೇ” ಎಂದೆ.

“ಒಂದೇ ಅಲ್ಲ. ನೋಡ್ತಿರು.” ಎರಡನ್ನೂ ಬೆಚ್ಚಗಿನ ಬಕೆಟ್ಟಿಗೆ ಇಳಿಸಿದಳು. ಚಳಿಯದು ಮೆಲ್ಲಗೆ ಉಬ್ಬಿತು. ಕುದಿನೀರಿನದು ಅಲ್ಲಾಡಲಿಲ್ಲ. “ಇದು ಮಲಗಿತ್ತು, ಅದು ಸತ್ತಿತ್ತು. ನೋಡೋಕೆ ಒಂದೇ ಥರ. ಬೆಚ್ಚಗೆ ಮಾಡಿ ನೋಡಿದರೆ ತಾನೇ ಗೊತ್ತಾಗೋದು?”

ಒಮ್ಮೆ ನಾನು ಸಹಾಯ ಮಾಡಲು ಹೋಗಿ ಒಂದು ಬಾಟಲಿಯನ್ನು ಒಲೆಯ ಹತ್ತಿರ ಸರಿಸಿ, ಮೇಲೊಂದು ಚಮಚ ಸಕ್ಕರೆಯನ್ನೂ ಹಾಕಿಬಿಟ್ಟೆ. ಅವಳು ಬೈಯಲಿಲ್ಲ. ಬಾಟಲಿಯನ್ನು ಚೆಲ್ಲಿ ಮೊದಲಿನಿಂದ ಶುರು ಮಾಡಿದಳು. “ಒಂದು ಸಲಕ್ಕೆ ಒಂದೇ ಬದಲಾಯಿಸಬೇಕು ಅಕ್ಕಾ. ಎರಡು ಬದಲಾಯಿಸಿದರೆ ಉಬ್ಬಿಸಿದ್ದು ಸಕ್ಕರೆಯೋ ಒಲೆಯೋ ಅಂತ ಯಾರನ್ನ ಕೇಳೋದು?” ಇಷ್ಟು ವರ್ಷ ಅಡುಗೆ ಮಾಡಿದ ನಾನು, ಒಂದು ದಿನ ಸಾರು ಕೆಟ್ಟರೆ ಮರುದಿನ ಉಪ್ಪು, ಹುಳಿ, ಬೆಲ್ಲ ಮೂರನ್ನೂ ಬದಲಾಯಿಸುತ್ತಿದ್ದೆ. ಅವಳು ಉಪ್ಪಿನ ಬಾಟಲಿ ಮಾಡಿದಳು, ಬೆಲ್ಲದ್ದು ಮಾಡಿದಳು, ಸಕ್ಕರೆ ವಿಪರೀತ ಸುರಿದದ್ದು ಮಾಡಿದಳು. ವಿಪರೀತ ಸಿಹಿಯಲ್ಲೂ ಯೀಸ್ಟ್ ಸೊರಗುತ್ತದೆ ಎಂದು ಕಂಡಾಗ, ನಂಬಿಕೆಯಾಗದೆ ಮತ್ತೆ ಮತ್ತೆ ಮಾಡಿದಳು. ಮೈಯ ಬಿಸಿ ಸಾಕಾಗುತ್ತದೋ ಎಂದು ನೋಡಲು ಒಂದು ಇಡೀ ಭಾನುವಾರ ಬಾಟಲಿಯನ್ನು ಸ್ವೆಟರಿನೊಳಗೆ ಕಟ್ಟಿಕೊಂಡು ಓಡಾಡಿದಳು. ಅಜ್ಜಿ ಅವಳ ಹೊಟ್ಟೆ ನೋಡಿ, “ಅಯ್ಯ ನನ್ನವ್ವ, ಏನ ಇದು!” ಎಂದು ಹಣೆ ಚಚ್ಚಿಕೊಂಡರು. ಅವಳು ಸ್ವೆಟರ್ ಎತ್ತಿ ಉಬ್ಬಿದ ಬಲೂನು ತೋರಿಸಿದಳು. “ಅಜ್ಜೀ, ನಿಮ್ಮ ಮರಿಮೊಮ್ಮಗ.” ಅಜ್ಜಿ ನಕ್ಕು ನಕ್ಕು ಕೆಮ್ಮಿದರು.

ನನ್ನ ತಪ್ಪು ಶುರುವಾದದ್ದು ಅಲ್ಲಿಂದಲೇ. ಬೆಂಗಳೂರಿನ ಕಡೆಯ ಒಂದು ತಂಡ ಬರುವುದಿತ್ತು. ಹಿಟ್ಟು ಕಲ್ಲಿನಂತೆ ಕೂತಿತ್ತು. ತಂಗಿ ಶಾಲೆಗೆ ಹೋಗಿದ್ದಳು. ಅವಳ ಪೊಟ್ಟಣದಿಂದ ಒಂದು ಚಿಟಿಕೆ ತೆಗೆದು, ಬೆಚ್ಚಗಿನ ನೀರಿನಲ್ಲಿ ಎಬ್ಬಿಸಿ, ಹಿಟ್ಟಿಗೆ ಬೆರೆಸಿದೆ. ಮರುದಿನ ಇಡ್ಲಿ ಹತ್ತಿಯಾಗಿತ್ತು. ಅಪ್ಪ ಯಾತ್ರಿಕರಿಗೆ, “ಗಂಗಾಜಲದಲ್ಲಿ ರುಬ್ಬಿದ್ದು, ಅದರ ಮಹಿಮೆ” ಎಂದರು. ನಾನು ತಲೆ ತಗ್ಗಿಸಿ ಚಟ್ನಿ ಬಡಿಸಿದೆ. ಬೇಕರಿಯ ಪದಾರ್ಥ ನಮ್ಮ ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಸ್ನಾನ ಮಾಡಿ ಮಡಿಯುಟ್ಟು ಮಾಡಿದ ಅಡುಗೆ ಎಂದು ನಂಬಿಯೇ ಜನ ನಮ್ಮಲ್ಲಿ ಉಣ್ಣುತ್ತಿದ್ದರು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮತ್ತೊಮ್ಮೆ ಹಾಕಿದೆ. ಆಮೇಲೆ ನನ್ನದೇ ಒಂದು ಪೊಟ್ಟಣ ತರಿಸಿ ಉಪ್ಪಿನ ಜಾಡಿಯ ಹಿಂದೆ ಇಟ್ಟುಕೊಂಡೆ. ತಂಗಿಗೆ ಒಂದು ಬೆಳಿಗ್ಗೆ ಇಡ್ಲಿ ಮುರಿಯುವಾಗಲೇ ತಿಳಿಯಿತು. ಮೂಸಿ ನೋಡಿ ನನ್ನ ಕಡೆ ಕಣ್ಣು ಮಿಟುಕಿಸಿದಳು. “ಜಾಸ್ತಿ ಹಾಕಬೇಡ ಅಕ್ಕಾ, ವಾಸನೆ ಬರುತ್ತೆ” ಎಂದಷ್ಟೇ ಹೇಳಿದಳು.

ಜಾಸ್ತಿ ಹಾಕಿದ ದಿನವೂ ಬಂತು. ಚಳಿ ಹೆಚ್ಚಿತ್ತು, ನಾನು ಧಾರಾಳವಾಗಿ ಸುರಿದಿದ್ದೆ. ಬೆಳಿಗ್ಗೆ ಹಿಟ್ಟು ಪಾತ್ರೆಯಿಂದ ಉಕ್ಕಿ ನೆಲಕ್ಕೆ ಇಳಿದಿತ್ತು. ಇಡೀ ಮನೆ ಹುಳಿತ ಹೆಂಡದ ಹಾಗೆ ನಾರುತ್ತಿತ್ತು. ತಂದೆಯ ಶ್ರಾದ್ಧ ಮುಗಿಸಿದ್ದ ಒಬ್ಬ ಹಿರಿಯ ಯಾತ್ರಿಕರು, ಬಹಳ ಆಚಾರವಂತರು, ಮೊದಲ ತುತ್ತು ಬಾಯಿಗಿಟ್ಟವರು ಹಾಗೆಯೇ ಎದ್ದು ಹೋಗಿ ಬಾಯಿ ಮುಕ್ಕಳಿಸಿದರು.

“ಆಚಾರ್ರೇ, ಇದೇನ್ರೀ ಇದು? ಕ್ಷೇತ್ರಕ್ಕೆ ಬಂದು ಇದನ್ನು ತಿನ್ನಬೇಕಾ ನಾವು?”

ಅಜ್ಜಿ ಮೂಗು ಮುಚ್ಚಿಕೊಂಡು, “ಹೆಂಡದ ವಾಸನಿ ಬರ್ಲಿಕ್ಕೆ ಹತ್ತೇದ. ಆ ಸಣ್ಣಾಕಿ ಬಾಟ್ಲಿ ವಾಸನೀನ ಇದು” ಅಂದರು. ಕೆಟ್ಟದ್ದನ್ನು ಬಯಸಿ ಹೇಳಿದ್ದಲ್ಲ. ಅವರ ಮೂಗಿಗೆ ತೋಚಿದ್ದು ಅದು.

ಅಪ್ಪ ಅಡುಗೆಮನೆಗೆ ಬಂದು ಡಬ್ಬಿಗಳನ್ನು ಒಂದೊಂದಾಗಿ ಸರಿಸಿದರು. ಜಾಡಿಯ ಹಿಂದಿನ ಪೊಟ್ಟಣ ಸಿಕ್ಕಿತು. ತಂಗಿಯನ್ನು ಕೂಗಿದರು.

“ನಿನ್ನ ಪ್ರಯೋಗಕ್ಕೆ ನನ್ನ ಅಡುಗೆಮನೆಯೇ ಬೇಕಿತ್ತಾ? ಬಂದವರ ಹೊಟ್ಟೆಯೇ ಬೇಕಿತ್ತಾ?”

“ಅಪ್ಪಾ, ನನ್ನ ಬಾಟಲಿಗೂ ಹಿಟ್ಟಿಗೂ...” ಎಂದು ಶುರು ಮಾಡಿದವಳು ನನ್ನ ಕಡೆ ನೋಡಿದಳು. ನಾನು ತಟ್ಟೆ ತಿಕ್ಕುತ್ತಿದ್ದೆ. ತಲೆ ಎತ್ತಲಿಲ್ಲ. ಅವಳು ಆ ಮಾತನ್ನು ಮುಗಿಸಲಿಲ್ಲ.

ಅಪ್ಪ ಹೊರಗೆ ಹೋಗಿ ಆ ಹಿರಿಯರ ಮುಂದೆ ಕೈಮುಗಿದು, ವಿಶ್ವನಾಥನ ಹೆಸರಿನಲ್ಲಿ ಮಾತು ಕೊಟ್ಟರು: ಈ ಹುಡುಗಿ ಇನ್ನು ನನ್ನ ಅಡುಗೆಮನೆ ಮೆಟ್ಟುವುದಿಲ್ಲ. ಕೊಟ್ಟ ಮಾತನ್ನು ಅಪ್ಪ ಬಿಡುವವರಲ್ಲ. ಅಂದಿನಿಂದ ಅವಳ ತಟ್ಟೆ, ಲೋಟ ಬೇರೆಯಾದವು. ಊಟ ಜಗುಲಿಯಲ್ಲಿ. ಪ್ರತಿ ಸಂಜೆ ಒಲೆಯ ಪಕ್ಕ ಮಣೆ ಹಾಕಿಕೊಂಡು ಓದುತ್ತಿದ್ದವಳು, ಶಾಲೆಯಲ್ಲಿ ನಡೆದದ್ದನ್ನೆಲ್ಲ ನನಗೆ ಒಪ್ಪಿಸುತ್ತಿದ್ದವಳು ಹೊಸ್ತಿಲಿನ ಆಚೆ ಉಳಿದಳು.

ನಾನು ಯಾಕೆ ಸುಮ್ಮನಿದ್ದೆ? ಅವಳಿಗೆ ಶಾಲೆ ಇದೆ, ಪುಸ್ತಕ ಇದೆ, ಮುಂದೆ ಏನೇನೋ ಇದೆ; ನನಗೆ ಈ ಒಲೆ ಬಿಟ್ಟರೆ ಏನೂ ಇಲ್ಲ ಎಂದು ಮನಸ್ಸಿನಲ್ಲೇ ತಕ್ಕಡಿ ಹಿಡಿದೆ. ಅವಳಿಗಾಗಿ ಶಾಲೆ ಬಿಟ್ಟವಳು ನಾನು, ಇಷ್ಟಾದರೂ ಅವಳು ಹೊರಲಿ ಎಂಬ ಕೊಳಕು ಮಾತೂ ಒಳಗೆಲ್ಲೋ ಇತ್ತು. ಅದನ್ನೂ ಬರೆಯುತ್ತೇನೆ.

ಬಾಟಲಿಗಳನ್ನು ಮನೆಯಲ್ಲಿ ಇಡಕೂಡದೆಂದು ಅಪ್ಪ ಹೇಳಿದ್ದರಿಂದ ಅವಳು ಅವನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಹೊರಟಳು. ಎಸೆದು ಬರುತ್ತಾಳೆ ಎಂದುಕೊಂಡಿದ್ದೆ. ಮಾಳಿಗೆಯ ಮೇಲೆ ಬಟ್ಟೆ ಹರವುತ್ತ ಕೆಳಗೆ ನೋಡಿದರೆ, ಘಾಟಿನ ಮೆಟ್ಟಿಲ ಮೇಲೆ ಪ್ರಯೋಗ ನಡೆದಿತ್ತು. ಒಂದು ಬಾಟಲಿ ದಾರ ಕಟ್ಟಿಸಿಕೊಂಡು ಗಂಗೆಯ ನೀರಿನಲ್ಲಿ ಮುಳುಗಿತ್ತು, ಒಂದು ಎಳೆಬಿಸಿಲಿನಲ್ಲಿ, ಒಂದು ಛತ್ರಿಯ ನೆರಳಿನಲ್ಲಿ. ಬೆಚ್ಚಗಿನದಕ್ಕೆ ಚಹಾದವನ ಒಲೆಯ ಪಕ್ಕ ಜಾಗ ಸಿಕ್ಕಿತ್ತು. ದೋಣಿಯವರು ಸುತ್ತ ಕೂತಿದ್ದರು.

“ಕಾ ಕರತ ಹಊ ಬಿಟಿಯಾ? ಈ ಗುಬ್ಬಾರಾ ಅಪನೇ ಆಪ ಫೂಲತ ಹೌ?” ಬಲೂನು ತನ್ನಷ್ಟಕ್ಕೆ ಉಬ್ಬುವುದೆಂದರೆ ಏನು ಎಂದು ಒಬ್ಬ ಮುದುಕನಿಗೆ ಬೆರಗು.

“ಹಾಂ ಚಾಚಾ. ಗಂಗೆಯೊಳಗಿಂದು ಉಬ್ಬಿಲ್ಲ ನೋಡಿ” ಎಂದು ಅವಳು ಅರ್ಧ ಹಿಂದಿ ಅರ್ಧ ಭೋಜಪುರಿಯಲ್ಲಿ ಹೇಳಿ ದಾರ ಎಳೆದು ತೋರಿಸಿದಳು.

“ಕೈಸೇ ಫೂಲೀ? ಇತನೇ ಜಾಡೇ ಮೇಂ ತ ಹಮಹೂಂ ನಾಹೀಂ ಉಠತ!” ಇಂಥ ಚಳಿಯಲ್ಲಿ ನಾನೇ ಏಳುವುದಿಲ್ಲ, ಅದು ಹೇಗೆ ಎದ್ದೀತು ಎಂದು ಅವನು ಹೇಳಿದ್ದಕ್ಕೆ ಮೆಟ್ಟಿಲೆಲ್ಲ ನಗು. ಅವಳೂ ನಗುತ್ತಿದ್ದಳು. ಆ ಬೆಳಿಗ್ಗೆ ಮನೆಯಿಂದ ಅಷ್ಟು ದೊಡ್ಡ ಮಾತು ಕೇಳಿ ಬಂದವಳು. ಒದ್ದೆ ಧೋತರ ಹಿಡಿದು ನಾನು ಮೇಲೆಯೇ ನಿಂತೆ. ನನ್ನ ಜಾಗದಲ್ಲಿ ಅವಳಿದ್ದು ಅವಳ ಜಾಗದಲ್ಲಿ ನಾನಿದ್ದಿದ್ದರೆ, ಬಾಟಲಿಗಳನ್ನು ಎಂದೋ ನದಿಗೆ ಬಿಟ್ಟಿರುತ್ತಿದ್ದೆ.

ಶಾಲೆಯಲ್ಲಿ ಅವಳ ಕೆಲಸವನ್ನು ಮೆಚ್ಚಿದರು. ಘಾಟಿನಲ್ಲಿ ಯಾಕೆ ಮಾಡಿದೆ ಎಂದು ಮೇಡಂ ಕೇಳಿದರಂತೆ. “ಮನೆಯಲ್ಲಿ ಇಷ್ಟು ಬಗೆಯ ಚಳಿ ಇರಲಿಲ್ಲ ಅಂದೆ” ಎಂದು ನನಗೆ ಬಂದು ಹೇಳಿದಳು, ಹೊಸ್ತಿಲಾಚೆ ನಿಂತು.

ಯೀಸ್ಟ್ ಹೋಯಿತು, ನನ್ನ ಇಡ್ಲಿ ಮತ್ತೆ ಕಲ್ಲಾಯಿತು. ಆಗ ನೆರವಿಗೆ ಬಂದವಳು ಅವಳೇ. ಹೊಸ್ತಿಲಿನ ಆಚೆ ಮೊಣಕಾಲು ಕಟ್ಟಿ ಕೂತು, “ಅಕ್ಕಾ, ಹಿಟ್ಟನ್ನ ಸಣ್ಣ ಬಟ್ಟಲುಗಳಲ್ಲಿ ಹಂಚು” ಅಂದಳು. ಕೈ ನನ್ನದು, ತಲೆ ಅವಳದು. ಇಡ್ಲಿ ಹಿಟ್ಟಿನಲ್ಲಿ ಯೀಸ್ಟ್ ಒಂದೇ ಅಲ್ಲ, ಬೇಳೆಯ ಜೊತೆಗೇ ಬರುವ ಬೇರೆ ಜೀವಿಗಳೂ ಇವೆ, ಅವಕ್ಕೂ ಬೇಕಾದದ್ದು ಬೆಚ್ಚಗಿನ ಜಾಗ ಎಂದು ಹೇಳಿದಳು. ಒಂದು ಬಟ್ಟಲು ಅಟ್ಟದ ಮೇಲೆ. ಒಂದು ಅಕ್ಕಿ ಡಬ್ಬಿಯೊಳಗೆ. ಒಂದು ಬೋರಸಿಯ ಪಕ್ಕ. ಬೋರಸಿ ಎಂದರೆ ಇಲ್ಲಿಯವರು ಚಳಿಗೆ ಕೆಂಡ ತುಂಬಿಡುವ ಮಣ್ಣಿನ ಕುಂಡ. ತೀರ ಹತ್ತಿರ ಇಟ್ಟದ್ದು ಅಂಚಿನಲ್ಲಿ ಬೆಂದೇಹೋಯಿತು. ದೂರದ್ದು ಏಳಲಿಲ್ಲ. ನಡುವೆ ಒಂದು ಜಾಗ ಸಿಕ್ಕಿತು. ಅಷ್ಟಕ್ಕೇ ಬಿಡಲಿಲ್ಲ. ಬೇಳೆ ನೆನೆಸಿದ ನೀರಿನಲ್ಲೇ ರುಬ್ಬಿಸಿದಳು, ಇನ್ನೊಂದು ದಿನ ಹೊಸ ನೀರಿನಲ್ಲಿ. ಉಪ್ಪನ್ನು ರುಬ್ಬಿದ ಕೂಡಲೇ ಹಾಕಿಸಿದಳು, ಇನ್ನೊಂದು ದಿನ ಬೆಳಿಗ್ಗೆ. ಒಂದು ಸಲಕ್ಕೆ ಒಂದೇ. ಚಳಿಗಾಲ ಮುಗಿಯುವ ಮೊದಲೇ ನನ್ನ ಹಿಟ್ಟು, ಬೇರೆ ಯಾವುದನ್ನೂ ಬೆರೆಸದೆ, ಮುಚ್ಚಳ ಎತ್ತತೊಡಗಿತು. ಅಪ್ಪ ಒಂದು ತುತ್ತು ತಿಂದು, “ಈಗ ಇದು ಇಡ್ಲಿ” ಅಂದರು ನನಗೆ. ಜಗುಲಿಯಲ್ಲಿ ಅವಳು ತನ್ನ ಬೇರೆ ತಟ್ಟೆಯಲ್ಲಿ ತಿನ್ನುತ್ತಿದ್ದಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ಅವಳು ಓದಿದಳು. ಈಗ ಇದೇ ಊರಿನ ಲಂಕಾ ಬಡಾವಣೆಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ, ಅಲ್ಲೇ ಕೋಣೆ ಮಾಡಿಕೊಂಡಿದ್ದಾಳೆ. ಭಾನುವಾರ ಬರುತ್ತಾಳೆ. ಜಗುಲಿಯಲ್ಲಿ ಕೂರುತ್ತಾಳೆ, ಅಜ್ಜಿಯ ಉಗುರು ಕತ್ತರಿಸುತ್ತಾಳೆ. “ಯಮಗ ಈ ಗಲ್ಲಿ ಹಾದಿ ಸಿಗವಲ್ತು ಅನಸ್ತದ” ಎಂದು ಅಜ್ಜಿ ಹೇಳಿದರೆ, “ಗೂಗಲ್‌ನಲ್ಲೂ ತೋರಿಸಲ್ಲ ಅಜ್ಜಿ, ಕೂತ್ಕೊಳ್ಳಿ” ಅನ್ನುತ್ತಾಳೆ. ಹೊಸ್ತಿಲು ಮಾತ್ರ ದಾಟುವುದಿಲ್ಲ. ಹಳೆಯ ವಿಷಯವನ್ನು ಒಂದು ಸಲವೂ ಎತ್ತಲಿಲ್ಲ. ಅವಳು ಒಮ್ಮೆ ಜಗಳ ತೆಗೆದಿದ್ದರೆ ನಾನು ಎಂದೋ ಹೇಳಿಬಿಡುತ್ತಿದ್ದೆ ಎಂದು ಅನ್ನಿಸುತ್ತಿತ್ತು. ಅದೂ ನನ್ನ ನೆವವೇ.

ಈ ಚಳಿಗಾಲದಲ್ಲಿ ನಾನು ಒದ್ದೆ ಮೆಟ್ಟಿಲಲ್ಲಿ ಜಾರಿ ಬಲಗೈ ಮುರಿದುಕೊಂಡೆ. ಮಣಿಕಟ್ಟಿನಿಂದ ಮೊಣಕೈವರೆಗೆ ಪ್ಲಾಸ್ಟರ್. ಆ ಭಾನುವಾರ ಯಾತ್ರಿಕರ ದೊಡ್ಡ ತಂಡ ಇಳಿದಿತ್ತು. ಹಿಟ್ಟು ರುಬ್ಬಲು ಯಾರೂ ಇರಲಿಲ್ಲ. ಅಪ್ಪನಿಗೆ ವಯಸ್ಸಾಗಿದೆ, ಈಗ ಅವರು ಘಾಟಿಗೆ ಇಳಿಯುವುದೂ ಅಪರೂಪ. ಗೋಡೆ ಹಿಡಿದು ಜಗುಲಿಗೆ ಬಂದು ತಂಗಿಯ ಮುಂದೆ ನಿಂತರು.

“ನಾನು ಮಾತು ಕೊಟ್ಟವರು ತೀರಿಕೊಂಡರಂತೆ. ಊರಿನವರು ಹೇಳಿದರು. ನೀನು ಏನೋ ಹುಡುಗುಬುದ್ಧಿಯಲ್ಲಿ ಮಾಡಿದ್ದೆ. ನಾನು ಅದನ್ನೆಲ್ಲ ಮರೆತಿದ್ದೇನೆ. ನಿನ್ನನ್ನು ಕ್ಷಮಿಸಿದ್ದೇನೆ ಮಗಳೇ. ಒಳಗೆ ಬಾ. ನಿಮ್ಮಕ್ಕನಿಗೆ ಕೈಯಾಗು.”

ತಂಗಿ ಸೆರಗು ಸೊಂಟಕ್ಕೆ ಸಿಕ್ಕಿಸಿ, “ಸರಿ ಅಪ್ಪಾ” ಎಂದು ಎದ್ದಳು. ಮಾಡದ ತಪ್ಪಿಗೆ ಸಿಕ್ಕ ಕ್ಷಮೆಯನ್ನು ಪ್ರಸಾದದ ಹಾಗೆ ತೆಗೆದುಕೊಂಡು ಒಳಗೆ ಬರುವವಳಿದ್ದಳು. ಹಾಗೆ ಬಂದಿದ್ದರೆ ಅದು ಅವಳದೇ ತಪ್ಪಾಗಿ ಕಡೆಯವರೆಗೂ ಉಳಿದುಬಿಡುತ್ತಿತ್ತು.

“ನಿಲ್ಲು” ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು. “ಅಪ್ಪಾ, ಇವಳನ್ನು ಕ್ಷಮಿಸಬೇಡಿ. ಇವಳು ಏನೂ ಮಾಡಿಲ್ಲ. ಹಿಟ್ಟಿಗೆ ಯೀಸ್ಟ್ ಹಾಕಿದ್ದು ನಾನು. ಆ ಪೊಟ್ಟಣ ನಾನೇ ತರಿಸಿದ್ದು. ಅದಕ್ಕೆ ಮುಂಚೆ ಬಂದವರಿಗೂ ಅದನ್ನೇ ಬಡಿಸಿದ್ದೆ, ನೀವು ಗಂಗಾಜಲ ಅಂತ ಹೇಳ್ತಿದ್ದಿರಿ.”

ಅಪ್ಪ ಗೋಡೆಯ ಮೇಲಿನ ಕೈ ತೆಗೆಯಲಿಲ್ಲ. ನನ್ನನ್ನು ನೋಡಿದರು. ಆಮೇಲೆ ಅವಳನ್ನು ನೋಡಿದರು. ಅಜ್ಜಿ ಕೋಣೆಯಿಂದ, “ನನ್ನ ಮೂಗು ಸುಟ್ಟು ಬರ್ಲಿ. ಕೂಸಿನ ಮ್ಯಾಲ ಹಾಕಿದ್ನಲ್ಲ” ಅಂದರು.

“ಬಿಡೇ ಅಕ್ಕಾ” ಎಂದಳು ತಂಗಿ. ಮೆಲ್ಲಗೆ, ನನ್ನನ್ನು ನೋಡದೆ. “ಗೊತ್ತಿತ್ತಲ್ಲ ನನಗೆ.”

“ನಿನಗೆ ಗೊತ್ತಿತ್ತು. ಅದಕ್ಕೇ ನಾನು ತಪ್ಪಿಸಿಕೊಂಡೆ. ನೀನು ಹೇಳಲ್ಲ ಅಂತ ನನಗೂ ಗೊತ್ತಿತ್ತು.” ಎಡಗೈಯಿಂದ ಅವಳ ತೋಳು ಹಿಡಿದುಕೊಂಡೆ. “ನಿನ್ನನ್ನು ಹೊರಗೆ ಕೂರಿಸಿ, ನೀನು ಹುಡುಕಿಕೊಟ್ಟ ಇಡ್ಲಿಗೆ ನಾನು ಒಳಗೆ ನಿಂತು ಹೊಗಳಿಸಿಕೊಂಡೆ. ಇಷ್ಟು ವರ್ಷ. ತಪ್ಪಾಯ್ತು ಕಣೇ. ನನ್ನನ್ನು ಕ್ಷಮಿಸು.”